ಹತ್ತು ಮನೆಯ ಹಾಳೆ

ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಅಂಗಡಿಗಳ ಹಳೆಯ ವಿಸಿಟಿಂಗ್ ಕಾರ್ಡುಗಳನ್ನು ಕೂಡಿಸಿಟ್ಟರೆ ಊರಿನ ಹೆಸರೇ ಮೂರು ಬಗೆಯಲ್ಲಿ ಸಿಗುತ್ತದೆ: ಬಿಜಾಪುರ, ವಿಜಾಪುರ, ವಿಜಯಪುರ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾದಾಗ ನನ್ನ ಪರಿಚಯದ ಅಂಗಡಿಕಾರರೊಬ್ಬರ ಗಲ್ಲಾದಲ್ಲಿ ಆಗಷ್ಟೇ ಹಾಕಿಸಿದ ಕಾರ್ಡುಗಳ ಕಟ್ಟಿತ್ತು. ಬಹಳ ದಿನ ಬಾಲ್‌ಪೆನ್ನಿನಲ್ಲಿ ತಿದ್ದಿ ಕೊಟ್ಟರು. ಛಾಪಖಾನೆಯ ಲೆಕ್ಕವೇ ಹಾಗೆ. ಅಚ್ಚು ಕಟ್ಟುವ ಕೂಲಿ 10 ಪ್ರತಿಗೂ 500ಕ್ಕೂ ಒಂದೇ. ಅದಕ್ಕೇ 500 ಹಾಕಿಸಬೇಕು.

ಸ್ವಂತ ಅಚ್ಚಿನ ಹಟ ಈ ಊರಿಗೆ ಹೊಸದಲ್ಲ. ಇಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾವು ಸಂಗ್ರಹಿಸಿದ ವಚನಗಳನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದರು. ಹಸ್ತಪ್ರತಿ ಮರಳಿ ಬಂತು. ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಅವರು ಮನೆ ಮಾರಿ 1925ರಲ್ಲಿ ಇಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ವಚನದ ಪಕ್ಕ ವಿಸಿಟಿಂಗ್ ಕಾರ್ಡು ಇಡುವುದು ಅತಿಯಾಯಿತು ಎನ್ನುವವರು ಎನ್ನಲಿ. ಮೊಳೆ ಯಾರ ಕೈಯಲ್ಲೋ ಅಕ್ಷರ ಅವರ ಮರ್ಜಿ ಎಂಬ ತೊಡಕು ಎರಡಕ್ಕೂ ಇದೆ.

ಕಂಪ್ಯೂಟರ್ ಬಂದಮೇಲೂ ಆ ತೊಡಕು ಒಮ್ಮೆಲೇ ಹೋಗಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಕೆಲವೇ ಕೀಲಿಗಳಲ್ಲಿ ಕನ್ನಡ ಒತ್ತುವುದು ಸಾಧ್ಯವಾಯಿತು. 1998ರಲ್ಲಿ ಬರಹ, ಆನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಮನೆಯಲ್ಲಿ ‘ಶ್ರೀ ಸಿದ್ಧೇಶ್ವರ’ ಎಂದು ಒತ್ತಿ ಪೆನ್‌ಡ್ರೈವಿನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ದರೆ, ಆ ಫಾಂಟು ಅಲ್ಲಿರದಿದ್ದರೆ ತೆರೆಯ ಮೇಲೆ ಬರೀ ಇಂಗ್ಲಿಷ್ ಗೋಜಲು. ಯುನಿಕೋಡ್ 1991ರಲ್ಲೇ ಕನ್ನಡಕ್ಕೆ ಬೇರೆ ಜಾಗ ಕೊಟ್ಟಿತ್ತು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟನ್ನು ಜೊತೆಗೇ ತಂದಿತು. ನಮ್ಮ ಓಣಿಗೆ ಅದರ ರೂಢಿ ಮುಟ್ಟಲು ಇನ್ನೂ ಹತ್ತು ವರ್ಷ ಹಿಡಿಯಿತು.

ನಮ್ಮ ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವ ಅಕ್ಕ ಒಬ್ಬರಿದ್ದಾರೆ. ಅವರಿಗೆ 500 ಕಾರ್ಡು ಯಾತಕ್ಕೆ? ಬರುವವರೆಲ್ಲ ಕನ್ನಡ ಓದುವ ಹೆಣ್ಣುಮಕ್ಕಳು, ಹಂಚಬೇಕಾದ್ದು ನಾಲ್ಕು ಓಣಿಗೆ. ಅವರ ಮಗಳೂ ನಾನೂ ವರ್ಡಿನಲ್ಲಿ ಎರಡು ಕಂಬ, ಐದು ಸಾಲಿನ ಟೇಬಲ್ ಹಾಕಿದೆವು. ಮನೆಯೊಂದಕ್ಕೆ 90 ಮಿಲಿಮೀಟರ್ ಅಗಲ, 54 ಎತ್ತರ. ಎ4 ಹಾಳೆ 210ಕ್ಕೆ 297 ಇರುವುದರಿಂದ ಅಂಚು ಸಣ್ಣದಾಗಿಟ್ಟರೆ ಹತ್ತೂ ಕೂರುತ್ತವೆ. ಸಾಲಿನ ಎತ್ತರವನ್ನು ‘ಎಕ್ಸಾಕ್ಟ್ಲಿ’ ಎಂದು ಬಿಗಿ ಮಾಡಬೇಕು, ಇಲ್ಲವಾದರೆ ವಿಳಾಸ ಉದ್ದವಾದ ಕೂಡಲೇ ಮನೆ ಹಿಗ್ಗಿ ಕೊನೆಯ ಸಾಲು ಮುಂದಿನ ಪುಟಕ್ಕೆ ಜಿಗಿಯುತ್ತದೆ. ಮೊದಲ ಮನೆಯನ್ನು ಪೂರ್ತಿ ತಿದ್ದಿಕೊಂಡ ಮೇಲೆಯೇ ಉಳಿದ ಒಂಬತ್ತಕ್ಕೆ ಕಾಪಿ. ಕನ್ನಡದ ಒತ್ತುಗಳು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ತುಸು ಹೆಚ್ಚು ಜಾಗ ಬೇಕು. ಸಿದ್ಧ ಮಾದರಿಗಳಲ್ಲಿ ಇದನ್ನು ಯಾರೂ ಯೋಚಿಸಿರುವುದಿಲ್ಲ. ಛಾಪಖಾನೆಯ ದಪ್ಪ ಹಾಳೆಯನ್ನು ಮನೆಯ ಪ್ರಿಂಟರ್ ಎಳೆಯಲಾರದು, ನಡುತರದ್ದು ಸಾಕು.

ಊರಿನ ಹೆಸರಿಗೆ ಬಂದಾಗ ಮಗಳು ‘ವಿಜಯಪುರ’ ಎಂದು ಒತ್ತಿದಳು. ತಾಯಿ, ‘ವಿಜಾಪುರ ಅಂತ ಬರಿಯವ್ವಾ, ನಾವು ಹಂಗ ಅಂತೀವಿ’ ಅಂದರು. ಎರಡು ಹಾಳೆಯಲ್ಲಿ ಒಂದೊಂದು ಬಗೆ ತೆಗೆದೆವು, ಒಟ್ಟು 20 ಕಾರ್ಡು. ಉಕ್ಕಿನ ಸ್ಕೇಲಿಟ್ಟು ಬ್ಲೇಡಿನಲ್ಲಿ ಕೊಯ್ಯುವಾಗ ಅವರಿಗೆ ‘ಫಾಲ್, ಪಿಕೋ’ ಬರೆಸುವುದು ನೆನಪಾಯಿತು. ಮೂರನೆಯ ಹಾಳೆಗೆ ಅದನ್ನೂ ಸೇರಿಸಿದೆವು.