ಮರಕ್ಕೆ ಎಣ್ಣೆ ಮತ್ತು ಮೇಣದ ಲೇಪನ

ಹತ್ರಿ ಹೊಡೆದು ನಯಮಾಡಿದ ಮರಕ್ಕೆ ಎಣ್ಣೆ ಕುಡಿಸಿ, ಬೇಕಿದ್ದರೆ ಅದರ ಮೇಲೆ ಮೇಣ ತಿಕ್ಕಿ ಹೊಳಪು ತರುವ ಕ್ರಮ. ವಾರ್ನಿಷ್ ಮರದ ಮೇಲೆ ಪೊರೆಯಾಗಿ ನಿಲ್ಲುತ್ತದೆ, ಎಣ್ಣೆ ಮರದೊಳಕ್ಕೆ ಇಳಿಯುತ್ತದೆ. ಹಾಗಾಗಿ ಕೈಯಾಡಿಸಿದರೆ ಸಿಗುವುದು ಮರದ್ದೇ ಸ್ಪರ್ಶ. ಗೀರು ಬಿದ್ದರೆ ಆ ಜಾಗವನ್ನಷ್ಟೇ ಉಜ್ಜಿ ಮತ್ತೆ ಎಣ್ಣೆ ಹಚ್ಚಬಹುದು. ಆದರೆ ನೀರು, ಬಿಸಿ, ಸವೆತಗಳನ್ನು ತಡೆಯುವುದರಲ್ಲಿ ಇದು ವಾರ್ನಿಷ್‌ಗೆ ಸಮನಲ್ಲ.

ಎಣ್ಣೆಗಳು: ಎಣ್ಣೆ ಒಣಗುವುದೆಂದರೆ ಆವಿಯಾಗುವುದಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಈ ಗುಣವನ್ನು ಅಯೋಡಿನ್ ಮೌಲ್ಯದಿಂದ ಅಳೆಯುತ್ತಾರೆ. ಅಗಸೆ ಎಣ್ಣೆಯಲ್ಲಿ ಇದು ಸಾಮಾನ್ಯವಾಗಿ 170ಕ್ಕಿಂತ ಹೆಚ್ಚು, ತೆಂಗಿನೆಣ್ಣೆಯಲ್ಲಿ 10ರ ಆಸುಪಾಸು. ಅಗಸೆ, ಅಕ್ರೋಟು ಮತ್ತು ಚೀನಾ ಮೂಲದ ಟಂಗ್ ಎಣ್ಣೆಗಳು ಒಣಗುವ ಎಣ್ಣೆಗಳು. ಎಳ್ಳೆಣ್ಣೆ ಅರೆಬರೆ ಒಣಗುತ್ತದೆ. ತೆಂಗಿನೆಣ್ಣೆ, ಕಡಲೆಕಾಯಿ ಎಣ್ಣೆ, ಹರಳೆಣ್ಣೆಗಳು ಒಣಗುವುದಿಲ್ಲ. ಮರದಲ್ಲಿ ಜಿಡ್ಡಾಗಿಯೇ ಉಳಿದು ದೂಳು ಹಿಡಿಯುತ್ತವೆ. ಕಡಲೆಕಾಯಿ ಎಣ್ಣೆ ಕ್ರಮೇಣ ಕಮಟು ವಾಸನೆಗೂ ತಿರುಗುತ್ತದೆ. ಅಂಗಡಿಯಲ್ಲಿ ಸಿಗುವ ‘ಬಾಯ್ಲ್ಡ್’ ಅಗಸೆ ಎಣ್ಣೆ ಬರೀ ಕಾಯಿಸಿದ ಎಣ್ಣೆಯಲ್ಲ. ಬೇಗ ಒಣಗಲೆಂದು ಅದಕ್ಕೆ ಕೋಬಾಲ್ಟ್, ಮ್ಯಾಂಗನೀಸ್‌ನಂಥ ಲೋಹಗಳ ಲವಣ ಬೆರೆಸಿರುತ್ತಾರೆ.

ಮೇಣಗಳು: ಜೇನುಮೇಣ ಸುಮಾರು 62–64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬ್ರೆಜಿಲ್‌ನ ಒಂದು ತಾಳೆಜಾತಿಯ ಮರದ ಎಲೆಗಳಿಂದ ದೊರೆಯುವ ಕಾರ್ನೌಬಾ ಮೇಣಕ್ಕೆ 82–86 ಡಿಗ್ರಿ ಬೇಕು. ಅದು ಹೆಚ್ಚು ಗಡುಸು, ಹೆಚ್ಚು ಹೊಳಪು. ಬರೀ ಮೇಣ ಹಚ್ಚಿದ ಮೇಜಿನ ಮೇಲೆ ಬಿಸಿ ಲೋಟ ಇಟ್ಟರೆ ಕಲೆ ನಿಲ್ಲುತ್ತದೆ. ಮೇಣವೂ ಅರಗೂ ಒಂದೇ ಅಲ್ಲ. ಚನ್ನಪಟ್ಟಣದ ಬೊಂಬೆಗಳ ಹೊಳಪು ಅರಗಿನದು: ಗಿರಗಿರನೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೇ ಅದು ಕರಗಿ ಹಿಡಿಯುತ್ತದೆ.

ಆಯ್ಕೆ: ಕುರ್ಚಿ, ಕಪಾಟುಗಳಿಗೆ ಅಗಸೆ ಎಣ್ಣೆ ಸಾಕು, ಕಾಲ ಕಳೆದಂತೆ ಅದರ ಬಣ್ಣ ಹಳದಿಗೆ ತಿರುಗುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದ ತೇವದಲ್ಲಿ ಅದರ ಮೇಲೆ ಬೂಷ್ಟು ಬರುವುದುಂಟು. ಅಂಥ ಕಡೆ ನೀರನ್ನು ಹೆಚ್ಚು ತಡೆಯುವ ಟಂಗ್ ಎಣ್ಣೆ ಮೇಲು. ಚಪಾತಿ ಮಣೆ, ಮರದ ಸೌಟುಗಳಿಗೆ ಲೋಹದ ಲವಣ ಬೆರೆಸಿದ ಎಣ್ಣೆ ಬೇಡ. ಆಹಾರ ದರ್ಜೆಯ ಮಿನರಲ್ ಎಣ್ಣೆಗೆ ಜೇನುಮೇಣ ಕರಗಿಸಿ ಹಚ್ಚಬಹುದು. ಕರಾವಳಿಯಲ್ಲಿ ದೋಣಿಗಳಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತದೆ; ಮನೆಯೊಳಗಿನ ಸಾಮಾನಿಗೆ ಅದು ಸಲ್ಲದು. ತೇಗ, ಬೀಟೆಗಳಲ್ಲಿ ಸಹಜವಾಗಿರುವ ಕೆಲವು ರಾಸಾಯನಿಕಗಳು ಎಣ್ಣೆ ಒಣಗುವುದನ್ನು ತಡೆಯುತ್ತವೆ. ಆದ್ದರಿಂದ ಇವನ್ನು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ ಕೂಡಲೇ ಎಣ್ಣೆ ಹಚ್ಚಬೇಕು.

ಹಚ್ಚುವ ಕ್ರಮ: ಮೊದಲು 120, ಆಮೇಲೆ 180, ಕೊನೆಗೆ 220 ನಂಬರಿನ ಸ್ಯಾಂಡ್ ಪೇಪರ್‌ನಿಂದ ಎಳೆಯ ಗುಂಟ ಉಜ್ಜಬೇಕು. ಒದ್ದೆ ಬಟ್ಟೆಯಿಂದ ಒರೆಸಿದರೆ ಮಲಗಿದ್ದ ನಾರು ಮುಳ್ಳಿನಂತೆ ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ ಅದನ್ನು ಹಗುರಾಗಿ ಉಜ್ಜಿ ತೆಗೆಯಬೇಕು. ಆಮೇಲೆ ಧಾರಾಳವಾಗಿ ಎಣ್ಣೆ ಹಚ್ಚಿ 15–20 ನಿಮಿಷ ಬಿಡಬೇಕು. ಅಡ್ಡ ಕೊಯ್ದ ತುದಿಗಳು ಎಣ್ಣೆಯನ್ನು ಕಣ್ಣೆದುರೇ ಹೀರಿ ಮಂಕಾಗುತ್ತವೆ. ಅಲ್ಲಿಗೆ ಇನ್ನಷ್ಟು ಹಚ್ಚಬೇಕು. ಮರ ಕುಡಿಯದೆ ಬಿಟ್ಟ ಎಣ್ಣೆಯನ್ನು ಒಂದು ಹನಿಯೂ ಉಳಿಯದಂತೆ ಒರೆಸಿ ತೆಗೆಯುವುದರಲ್ಲೇ ಈ ಕೆಲಸದ ಜಾಣ್ಮೆಯೆಲ್ಲ ಇದೆ. ಉಳಿದರೆ ಅಂಟಂಟಾಗಿ, ವಾರಗಟ್ಟಲೆ ಒಣಗುವುದಿಲ್ಲ. ಹಿಂದಿನದು ಒಣಗಿದ ಮೇಲೆ ಹೀಗೆಯೇ ಮೂರು ನಾಲ್ಕು ಸಲ ಹಚ್ಚಬೇಕು. ಪೂರ್ತಿ ಗಟ್ಟಿಯಾಗಲು ವಾರಗಳೇ ಹಿಡಿಯುತ್ತವೆ. ಮೇಣ ಯಾವತ್ತೂ ಕೊನೆಯದು. ಮೇಣದ ಮೇಲೆ ಎಣ್ಣೆ ಇಳಿಯುವುದಿಲ್ಲ. ನೀರಿನ ಹನಿ ಮುತ್ತಿನಂತೆ ನಿಲ್ಲದೆ ಹರಡತೊಡಗಿದರೆ ಲೇಪನ ಸವೆದಿದೆ ಎಂದರ್ಥ.

ಎಚ್ಚರಿಕೆ: ಒಣಗುವ ಎಣ್ಣೆ ಆಮ್ಲಜನಕ ಹೀರುವಾಗ ಬಿಸಿಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹತ್ತಬಹುದು. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ ಕಟ್ಟಡದಲ್ಲಿ ಅಗಸೆ ಎಣ್ಣೆಯ ಬಟ್ಟೆಗಳಿಂದಲೇ ಬೆಂಕಿ ಎದ್ದು, ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಕೆಲಸ ಮುಗಿದೊಡನೆ ಬಟ್ಟೆಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.