ಖೋ ಖೋ ಕ್ರಿಕೆಟ್‌ನ ಹಿಂದಿಕ್ಕುತ್ತಾ? ಕುರುಬೂರಿಂದ ವಿಶ್ವಕಪ್‌ವರೆಗೆ ತಿಳಿಯಬೇಕಾದ ವಿಷಯಗಳು

ತಿ.ನರಸೀಪುರ: 2025ರ ಜನವರಿ 19ರಂದು ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳಾ ತಂಡ ಮೊದಲ ಖೋ ಖೋ ವಿಶ್ವಕಪ್ ಗೆದ್ದಿತು. ಫೈನಲ್‌ನಲ್ಲಿ ಪಂದ್ಯದ ಶ್ರೇಷ್ಠ ಆಟಗಾರ್ತಿ ಆಗಿದ್ದು ನಮ್ಮ ತಾಲ್ಲೂಕಿನ ಕುರುಬೂರು ಗ್ರಾಮದ ರೈತ ಕುಟುಂಬದ ಹುಡುಗಿ ಬಿ. ಚೈತ್ರಾ. ಅಲ್ಲಿಂದಾಚೆ ತಿ.ನರಸೀಪುರ, ನಂಜನಗೂಡು ಭಾಗದಲ್ಲಿ ಒಂದು ಮಾತು ಓಡಾಡ್ತಿದೆ: ಖೋ ಖೋ ಮುಂದೊಂದು ದಿನ ಕ್ರಿಕೆಟ್‌ನ ಹಿಂದಿಕ್ಕುತ್ತಾ?

ಆಸೆಯ ಮಾತು ಪಕ್ಕಕ್ಕಿಟ್ಟು ಲೆಕ್ಕ ಹಾಕೋದಾದ್ರೆ ಮೊದಲು ಕೆಲವು ವಿಷಯ ತಿಳಿದಿರಬೇಕು.

ಆಟ ಏನು?

ಖೋ ಖೋ ಶಾಲೆಯಲ್ಲಿ ಎಲ್ಲರೂ ಆಡಿರೋ ಆಟ. ಆದರೆ ನಿಯಮ ಪೂರ್ತಿ ಗೊತ್ತಿರೋರು ಕಡಿಮೆ. ಸಾಂಪ್ರದಾಯಿಕ ಆಟದ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಎರಡು ತುದಿಗೂ ಒಂದೊಂದು ಕಂಬ. ಬೆನ್ನಟ್ಟುವ ತಂಡದ 8 ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರ್ತಾರೆ. ಒಂಬತ್ತನೆಯವರು ಓಡಿಸ್ತಾರೆ. ಎದುರು ತಂಡದ ಓಟಗಾರರು ಒಂದು ಸಲಕ್ಕೆ ಮೂವರಂತೆ ಅಂಕಣಕ್ಕೆ ಇಳಿಯುತ್ತಾರೆ.

ವಿಶ್ವಕಪ್‌ನಲ್ಲಿ ಆಡಿದ್ದು ಇದರ ವೇಗದ ಮಾದರಿ. ಅಂಕಣದಲ್ಲಿ ಬೆನ್ನಟ್ಟುವವರು 7 ಜನ. ತಲಾ 7 ನಿಮಿಷದ ನಾಲ್ಕು ಸರದಿ. ಒಬ್ಬರನ್ನ ಔಟ್ ಮಾಡಿದರೆ 2 ಅಂಕ. ಮೂವರ ಗುಂಪು 3 ನಿಮಿಷ ಔಟಾಗದೆ ಉಳಿದರೆ ಅದಕ್ಕೆ ‘ಡ್ರೀಮ್ ರನ್’ ಅಂತಾರೆ. ಆಗ ಓಡೋ ತಂಡಕ್ಕೂ ಅಂಕ ಸಿಗುತ್ತೆ, ಆಮೇಲೆ ಪ್ರತಿ 30 ಸೆಕೆಂಡಿಗೆ ಇನ್ನೊಂದು. ನೇಪಾಳ ವಿರುದ್ಧ ಭಾರತ 78-40ರಿಂದ ಗೆದ್ದ ಫೈನಲ್‌ನ ಕೊನೆ ಸರದಿಯಲ್ಲಿ ಚೈತ್ರಾ ಇದ್ದ ಗುಂಪು 5 ನಿಮಿಷಕ್ಕೂ ಹೆಚ್ಚು ಹೊತ್ತು ಸಿಗದೆ ಓಡಿತ್ತು. ಅದೇ ದಿನ ಪುರುಷರ ತಂಡವೂ ನೇಪಾಳವನ್ನ 54-36ರಿಂದ ಸೋಲಿಸಿತು. ಆ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು.

ಇತಿಹಾಸವೂ ಸಣ್ಣದಲ್ಲ. ಪುಣೆಯ ಡೆಕ್ಕನ್ ಜಿಮ್ಖಾನಾ 1914ರಲ್ಲೇ ನಿಯಮ ರೂಪಿಸಿತ್ತು. ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ 1959-60ರಲ್ಲಿ ವಿಜಯವಾಡದಲ್ಲಿ ನಡೀತು.

ಒಂದು ಆಟ ಇನ್ನೊಂದನ್ನ ಹಿಂದಿಕ್ಕೋದು ಹೇಗೆ?

ಇದು ನಡೆಯದ ಕೆಲಸವೇನಲ್ಲ. ಮೈಸೂರು ಸೀಮೆಯಲ್ಲೇ ನೋಡಿ. ಒಂದು ಕಾಲಕ್ಕೆ ಇಲ್ಲಿ ಜನರ ಆಟ ಅಂದ್ರೆ ಕುಸ್ತಿ. ಗರಡಿ ಮನೆ, ಮಟ್ಟಿ, ಪೈಲ್ವಾನರ ಹೆಸರು ಮನೆಮನೆಗೂ ಗೊತ್ತಿತ್ತು. ಈಗಲೂ ದಸರಾ ಬಂದ್ರೆ ಕುಸ್ತಿ ನೋಡೋಕೆ ಜನ ಸೇರ್ತಾರೆ. ಆದರೆ ದಸರಾ ಮುಗಿದ ಮೇಲೆ ಹುಡುಗರ ಕೈಗೆ ಬರೋದು ಬ್ಯಾಟು.

ದೇಶದ ಮಟ್ಟದಲ್ಲಿ ಹಾಕಿಗೂ ಇದೇ ಆಯ್ತು. 1928ರಿಂದ 1980ರ ನಡುವೆ ಭಾರತ ಹಾಕಿಯಲ್ಲಿ 8 ಒಲಿಂಪಿಕ್ ಚಿನ್ನ ಗೆದ್ದಿತ್ತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹುಲ್ಲಿನ ಬದಲು ಕೃತಕ ಹಾಸು ಬಂತು, ಭಾರತ 7ನೇ ಸ್ಥಾನಕ್ಕೆ ಇಳೀತು. ಆ ಹಾಸು ಹಾಕೋದು ದುಬಾರಿ, ಹಳ್ಳಿ ಮೈದಾನಕ್ಕೆ ಎಟುಕುವಂಥದ್ದಲ್ಲ. 1982ರಲ್ಲಿ ಕಲರ್ ಟಿವಿ ಬಂತು. 1983ರ ಜೂನ್ 25ರಂದು ಕಪಿಲ್ ದೇವ್ ತಂಡ ಕ್ರಿಕೆಟ್ ವಿಶ್ವಕಪ್ ಎತ್ತಿತು. ಹಾಕಿ ಮೈದಾನ ಕಳ್ಕೊಳ್ತಿದ್ದ ಹೊತ್ತಿಗೇ ಕ್ರಿಕೆಟ್ ಟಿವಿ ಹಿಡ್ಕೊಂಡಿತ್ತು.

ಮೂರನೇ ಉದಾಹರಣೆ ಕಬಡ್ಡಿ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದಾಗ ಮೊದಲ ವರ್ಷವೇ 43.5 ಕೋಟಿ ಜನ ಟಿವಿಯಲ್ಲಿ ನೋಡಿದರು ಅಂತ ವರದಿಯಾಯ್ತು. ಐಪಿಎಲ್ ಬಿಟ್ಟರೆ ಅದೇ ಜಾಸ್ತಿ. ಆರನೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ಚಾಂಪಿಯನ್ ಆಯ್ತು. ಹಳ್ಳಿ ಆಟವನ್ನೂ ಟಿವಿ ಬೆಳೆಸಬಲ್ಲದು ಅನ್ನೋದು ಇದರಿಂದ ಗೊತ್ತಾಯ್ತು. ಅಷ್ಟಾದ್ರೂ ಅದು ಕ್ರಿಕೆಟ್‌ನ ದಾಟಲಿಲ್ಲ.

ಮೂರರಿಂದಲೂ ಗೊತ್ತಾಗೋದು ಇಷ್ಟು: ಕಪ್ ಗೆದ್ದ ಮಾತ್ರಕ್ಕೆ ಆಟ ಬೆಳೆಯಲ್ಲ. ಆಡೋಕೆ ಜಾಗ, ನೋಡೋಕೆ ವರ್ಷಕ್ಕೊಂದು ಟೂರ್ನಿ, ಆಡಿದವರಿಗೆ ಹೊಟ್ಟೆಪಾಡು ಈ ಮೂರೂ ಬೇಕು.

ಖೋ ಖೋಗೆ ಇರೋ ಅನುಕೂಲ

ಮೊದಲನೆಯದು ಜಾಗ. ಕ್ರಿಕೆಟ್‌ಗೆ ದೊಡ್ಡ ಮೈದಾನ ಬೇಕು, ಇಲ್ಲಾಂದ್ರೆ ಕುಯ್ಲು ಮುಗಿದ ಗದ್ದೆ. ಖೋ ಖೋಗೆ ಸರ್ಕಾರಿ ಶಾಲೆ ಅಂಗಳ ಸಾಕು. ಎರಡನೆಯದು ಖರ್ಚು. ಬ್ಯಾಟು, ಪ್ಯಾಡು ಏನೂ ಬೇಡ. ಎರಡು ಕಂಬ, ಸುಣ್ಣದ ಗೆರೆ, ಒಂದು ಸೀಟಿ.

ಮೂರನೆಯದು ಹೆಣ್ಣುಮಕ್ಕಳು. ನಮ್ಮ ಊರುಗಳ ಟೆನಿಸ್ ಬಾಲ್ ಟೂರ್ನಿಗಳು ಹುಡುಗರವು. ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದಲ್ಲಿ ಮಾತ್ರ ಹುಡುಗಿಯರ ಖೋ ಖೋ ತಂಡ ಹುಡುಗರ ತಂಡದಷ್ಟೇ ಲೆಕ್ಕಕ್ಕೆ ಬರುತ್ತೆ. ಹೋಬಳಿಯಲ್ಲಿ ಗೆದ್ದರೆ ತಾಲ್ಲೂಕು, ಆಮೇಲೆ ಜಿಲ್ಲೆ, ವಿಭಾಗ, ರಾಜ್ಯ. ದಸರಾ ಕ್ರೀಡಾಕೂಟಕ್ಕೂ ತಾಲ್ಲೂಕಿನಿಂದಲೇ ದಾರಿ ಇದೆ. ಹಳ್ಳಿ ಹುಡುಗಿಗೆ ಇಷ್ಟು ನೇರವಾದ ಏಣಿ ಕ್ರಿಕೆಟ್‌ನಲ್ಲಿಲ್ಲ.

ಕೊರತೆ ಎಲ್ಲಿದೆ?

ಅಲ್ಟಿಮೇಟ್ ಖೋ ಖೋ ಲೀಗ್ 2022ರಲ್ಲಿ ಪುಣೆಯಲ್ಲಿ ಶುರುವಾಯ್ತು. ಎರಡನೇ ಆವೃತ್ತಿ 2023ರ ಡಿಸೆಂಬರ್‌ನಿಂದ ಕಟಕ್‌ನಲ್ಲಿ ನಡೀತು. ಒಟ್ಟು ಆರು ತಂಡ: ಚೆನ್ನೈ, ಗುಜರಾತ್, ಮುಂಬೈ, ಒಡಿಶಾ, ರಾಜಸ್ಥಾನ, ತೆಲುಗು. ಕರ್ನಾಟಕದ ಹೆಸರಲ್ಲಿ ಒಂದೂ ಇರಲಿಲ್ಲ. ನಮ್ಮೂರು ಅಂತ ಕೂಗೋಕೆ ತಂಡವೇ ಇಲ್ಲದಿದ್ದರೆ ಟೀ ಅಂಗಡಿ ಟಿವಿಯಲ್ಲಿ ಯಾರೂ ಹಾಕಲ್ಲ. ಆರ್‌ಸಿಬಿಗೆ ಜನ 18 ವರ್ಷ ಕಾದು 2025ರಲ್ಲಿ ಕಪ್ ನೋಡಿದ್ದು ತಂಡ ನಮ್ಮದು ಅನ್ನೋ ಒಂದೇ ಕಾರಣಕ್ಕೆ. ಮೈಸೂರಿಗೂ ಕ್ರಿಕೆಟ್‌ನಲ್ಲಿ ಸ್ವಂತ ತಂಡ ಇದೆ. ಮೈಸೂರು ವಾರಿಯರ್ಸ್ 2024ರಲ್ಲಿ ಮಹಾರಾಜ ಟ್ರೋಫಿ ಗೆದ್ದಿತ್ತು.

ಇನ್ನೊಂದು ಕೊರತೆ ಒಲಿಂಪಿಕ್ಸ್. ಖೋ ಖೋ ಒಲಿಂಪಿಕ್ಸ್‌ನಲ್ಲೂ ಇಲ್ಲ, ಏಷ್ಯನ್ ಗೇಮ್ಸ್ ಪದಕದ ಪಟ್ಟಿಯಲ್ಲೂ ಇಲ್ಲ. ಸರ್ಕಾರದ ನಗದು ಬಹುಮಾನ, ಕೆಲಸ ಎರಡಕ್ಕೂ ಈ ಪದಕಗಳೇ ಮುಖ್ಯ ಅಳತೆ. ಅದೇ ಕ್ರಿಕೆಟ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಬರ್ತಿದೆ. ಅರ್ಜುನ ಪ್ರಶಸ್ತಿಯೂ 1998ರ ನಂತರ ಖೋ ಖೋ ಆಟಗಾರರಿಗೆ ಸಿಕ್ಕಿದ್ದು 22 ವರ್ಷ ಬಿಟ್ಟು, 2020ರಲ್ಲಿ ಮಹಾರಾಷ್ಟ್ರದ ಸಾರಿಕಾ ಕಾಳೆ ಅವರಿಗೆ.

ವ್ಯಾಪಾರದ ಲೆಕ್ಕವೂ ಇದೆ. ಕ್ರಿಕೆಟ್ ಇದ್ದರೆ ಬಾಲು, ಬ್ಯಾಟು, ಗ್ಲೌಸು ಮಾರಾಟ ಆಗುತ್ತೆ. ಕಂಪನಿಗಳು ಜಾಹೀರಾತಿಗೆ ದುಡ್ಡು ಸುರೀತವೆ. ಖೋ ಖೋದಲ್ಲಿ ಮಾರೋಕೆ ಶೂ, ನೀ ಕ್ಯಾಪ್, ಜೆರ್ಸಿ ಬಿಟ್ಟರೆ ಬೇರೇನಿಲ್ಲ. ಬಡವರಿಗೆ ಅನುಕೂಲ ಆಗಿರೋ ಗುಣವೇ ಪ್ರಾಯೋಜಕರ ವಿಷಯಕ್ಕೆ ಬಂದಾಗ ಅಡ್ಡ ಆಗಿದೆ.

5 ಲಕ್ಷದ ಮಾತು

ಈ ಕೊರತೆ ಎಷ್ಟು ದೊಡ್ಡದು ಅಂತ ವಿಶ್ವಕಪ್ ಗೆದ್ದ ಕೆಲವೇ ದಿನಗಳಲ್ಲಿ ಗೊತ್ತಾಯ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಚೈತ್ರಾ ಮತ್ತು ಗೌತಮ್‌ಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಜೊತೆಗೆ ಮೊದಲ ದರ್ಜೆಯ ಸರ್ಕಾರಿ ಕೆಲಸ ಕೊಡುವುದಾಗಿ ಹೇಳಿತ್ತು. ಇಬ್ಬರೂ 5 ಲಕ್ಷ ಬೇಡ ಅಂದರು. ಒಂದೇ ಕಪ್, ಒಂದೇ ತಂಡ, ನಮಗೂ ಅದೇ ಗೌರವ ಕೊಡಿ ಅನ್ನೋದು ಅವರ ಬೇಡಿಕೆ.

ಅದೇ ವರ್ಷದ ನವೆಂಬರ್ 2ರಂದು ಭಾರತದ ಮಹಿಳೆಯರು ಕ್ರಿಕೆಟ್ ಏಕದಿನ ವಿಶ್ವಕಪ್ ಗೆದ್ದರು. ಬಿಸಿಸಿಐ ತಂಡ ಮತ್ತು ಸಿಬ್ಬಂದಿಗೆ ಒಟ್ಟು 51 ಕೋಟಿ ರೂಪಾಯಿ ಘೋಷಿಸಿತು. ಒಂದೇ ವರ್ಷ ಎರಡು ವಿಶ್ವಕಪ್, ಎರಡೂ ಹೆಣ್ಣುಮಕ್ಕಳದ್ದೇ. ವ್ಯತ್ಯಾಸ ಎಷ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದು ಇಬ್ಬರ ದುಡ್ಡಿನ ಪ್ರಶ್ನೆ ಅಷ್ಟೇ ಅಲ್ಲ. ಮಗಳನ್ನ ಸಂಜೆ ಮೈದಾನಕ್ಕೆ ಕಳಿಸಬೇಕೋ ಬೇಡವೋ ಅಂತ ಯೋಚಿಸೋ ಅಪ್ಪ ಅಮ್ಮ ನೋಡೋದು ಇದನ್ನೇ. ಕಪ್ ಗೆದ್ದವರ ಗತಿಯೇ ಹೀಗಾದರೆ ನಮ್ಮ ಮಗಳದ್ದೇನು ಅಂತ ಅವರು ಕೇಳಿದರೆ ತಪ್ಪಿಲ್ಲ.

ಹಾಗಾದ್ರೆ ಹಿಂದಿಕ್ಕುತ್ತಾ?

ನೋಡೋ ಆಟದಲ್ಲಿ ಸದ್ಯಕ್ಕೆ ಇಲ್ಲ. ಕ್ರಿಕೆಟ್‌ಗೆ ಇರೋ ಟಿವಿ, ದುಡ್ಡು, ಸ್ವಂತ ತಂಡ ಯಾವುದೂ ಖೋ ಖೋಗೆ ಇಲ್ಲ. ಆಡೋ ಆಟದ ಲೆಕ್ಕವೇ ಬೇರೆ. ಹಳ್ಳಿ ಶಾಲೆ ಹೆಣ್ಣುಮಕ್ಕಳಿಗೆ ಖೋ ಖೋ ಈಗಲೂ ಕ್ರಿಕೆಟ್‌ಗಿಂತ ಹತ್ತಿರ. ತೊಂದರೆ ಶುರುವಾಗೋದು ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ಶಾಲೆ ಬಿಟ್ಟರೆ ತಂಡವೂ ಬಿಡುತ್ತೆ. ಕಾಲೇಜಿಗೆ ಬಸ್ಸಲ್ಲಿ ಹೋಗಿ ಬರೋ ಹುಡುಗಿಗೆ ಸಂಜೆ ಅಭ್ಯಾಸಕ್ಕೆ ಹೊತ್ತು ಸಿಗಲ್ಲ.

ಇಲ್ಲಿ ತಾಲ್ಲೂಕಿನ ಮಟ್ಟದಲ್ಲೇ ಆಗೋ ಕೆಲಸ ಇದೆ. ಟೆನಿಸ್ ಬಾಲ್ ಟೂರ್ನಿಗೆ ಟ್ರೋಫಿ, ಜೆರ್ಸಿ, ಊಟ ಕೊಡೋ ಅಂಗಡಿಯವರು, ಸಂಘದವರು ವರ್ಷಕ್ಕೊಂದು ಸಲ ಹುಡುಗಿಯರ ಖೋ ಖೋಗೂ ಕೊಡಬಹುದು. ಖರ್ಚು ಕಡಿಮೆ. ಒಂದೇ ದಿನದಲ್ಲಿ ಹತ್ತಾರು ಪಂದ್ಯ ಮುಗಿಸಬಹುದು, ಎರಡೂ ತಾಲ್ಲೂಕಿನ ಜನ ಸೇರಿದರೆ ಬೀದಿಯಲ್ಲಿ ವ್ಯಾಪಾರವೂ ಆಗುತ್ತೆ. ಶಾಲೆ ಮೈದಾನವನ್ನ ಸಂಜೆ ಹೊತ್ತು ಹಳೇ ವಿದ್ಯಾರ್ಥಿನಿಯರಿಗೂ ತೆರೆದಿಟ್ಟರೆ ಕಾಲೇಜು ಸೇರಿದ ಮೇಲೂ ಆಟ ಮುಂದುವರಿಯುತ್ತೆ.

ಕುರುಬೂರಿನ ಹುಡುಗಿ ವಿಶ್ವಕಪ್‌ವರೆಗೂ ಓಡಿ ತೋರಿಸಿದ್ದಾಳೆ. ಅವಳ ಹಿಂದೆ ಬರೋ ಹುಡುಗಿಯರು ಎಸ್ಸೆಸ್ಸೆಲ್ಸಿಗೇ ಆಟ ನಿಲ್ಲಿಸಬೇಕಾ ಅನ್ನೋದು ಈಗ ಎರಡೂ ತಾಲ್ಲೂಕಿನ ಮುಂದಿರೋ ಪ್ರಶ್ನೆ.