ಮೆಟ್ಟಿಲು ಹತ್ತಿದ ಕಂಡಕ್ಟರ್, ಕುಳಿತೇ ಇದ್ದ ಡ್ರೈವರ್

ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಿರಿ ಎಂದು ವೈದ್ಯರು ಹೇಳುವುದು ಈಗ ಮಾಮೂಲು. ಮೈ ದಂಡಿಸಿದರೆ ಒಳ್ಳೆಯದು ಎಂಬ ನಂಬಿಕೆ ಗರಡಿಮನೆಗಳಷ್ಟೇ ಹಳೆಯದು. ಆದರೆ ನಂಬಿಕೆ ಬೇರೆ, ಲೆಕ್ಕ ಹಾಕಿ ತೋರಿಸುವುದು ಬೇರೆ. ಹೃದಯದ ವಿಷಯದಲ್ಲಿ ಆ ಲೆಕ್ಕ ಮೊದಲು ಸಿಕ್ಕಿದ ಜಾಗಗಳಲ್ಲಿ ಮುಖ್ಯವಾದುದು ಆಸ್ಪತ್ರೆಯಲ್ಲ, ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ವೈದ್ಯರಿಗೆ ಒಂದು ಸಮಸ್ಯೆ ಎದುರಾಯಿತು. ನಡುವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುವುದು ಹೆಚ್ಚುತ್ತಿತ್ತು. ಕಾರಣ ಮಾತ್ರ ಯಾರಿಗೂ ಸ್ಪಷ್ಟವಿರಲಿಲ್ಲ. ಇದರ ಬೆನ್ನು ಹತ್ತಿದವರು ಡಾ. ಜೆರ್ರಿ ಮಾರಿಸ್. 1910ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ ಗ್ಲಾಸ್ಗೋದಲ್ಲಿ ಬೆಳೆದ ಅವರು, ಯುದ್ಧಕಾಲದಲ್ಲಿ ಸೇನಾ ವೈದ್ಯರಾಗಿ ಭಾರತದಲ್ಲಿಯೂ ಇದ್ದರು. 1948ರಲ್ಲಿ ಸಾಮಾಜಿಕ ವೈದ್ಯಶಾಸ್ತ್ರದ ಸಂಶೋಧನಾ ಘಟಕವೊಂದರ ಹೊಣೆ ಹೊತ್ತರು. ರೋಗಿಯ ಎದೆಯ ಮೇಲೆ ಸ್ಟೆತಾಸ್ಕೋಪ್ ಇಡುವ ಬದಲು, ಅವನು ಮಾಡುವ ಕೆಲಸದ ಮೇಲೆ ಕಣ್ಣಿಟ್ಟರು.

ಬೆಂಗಳೂರಿನಲ್ಲಿ ಹಿಂದೆ ಓಡಾಡುತ್ತಿದ್ದ ಎರಡಂತಸ್ತಿನ ಬಸ್ಸುಗಳನ್ನು ಕಂಡವರಿಗೆ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟೀತು. ಡ್ರೈವರ್ ತನ್ನ ಪಾಳಿಯ ಶೇ 90ರಷ್ಟು ಹೊತ್ತು ಕುಳಿತೇ ಇರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡುತ್ತ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ. ಇಬ್ಬರದೂ ಒಂದೇ ಸಂಸ್ಥೆ, ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ಸಾಮಾಜಿಕ ಹಿನ್ನೆಲೆ. ಸುಮಾರು 31 ಸಾವಿರ ನೌಕರರ ದಾಖಲೆ ಪರಿಶೀಲಿಸಿದಾಗ, ಡ್ರೈವರುಗಳಿಗಿಂತ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ಕಂಡಿತು. ರೋಗ ಬಂದರೂ ತಡವಾಗಿ, ಅಷ್ಟು ಮಾರಕವಲ್ಲದ ರೂಪದಲ್ಲಿ ಬರುತ್ತಿತ್ತು.

ಮಾರಿಸ್ ಅವಸರಪಡಲಿಲ್ಲ. ಡ್ರೈವಿಂಗ್ ಮನಸ್ಸಿಗೆ ಒತ್ತಡ ತರುವ ಕೆಲಸ. ವ್ಯತ್ಯಾಸಕ್ಕೆ ಅದೇ ಕಾರಣವಿರಬಾರದೇಕೆ? ಹೀಗಾಗಿ ಅಂಚೆ ಇಲಾಖೆಯ ಲೆಕ್ಕವನ್ನೂ ನೋಡಿದರು. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮನ್‌ಗಳಿಗಿಂತ, ಕುಳಿತು ಕೆಲಸ ಮಾಡುವ ಗುಮಾಸ್ತರು ಮತ್ತು ಟೆಲಿಫೋನ್ ಆಪರೇಟರುಗಳಲ್ಲಿ ರೋಗ ಹೆಚ್ಚಿತ್ತು. ಎರಡೂ ತಾಳೆಯಾದ ಮೇಲೆ 1953ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು.

ಆದರೂ ಒಂದು ಸಂಶಯ ಉಳಿಯಿತು. ದಪ್ಪಗಿರುವವರೇ ಡ್ರೈವರ್ ಕೆಲಸ ಆರಿಸಿಕೊಳ್ಳುತ್ತಿದ್ದರೆ? ಉತ್ತರಕ್ಕಾಗಿ ಮಾರಿಸ್ ಸಮವಸ್ತ್ರ ಹೊಲಿಸಿದ ದಾಖಲೆಗಳಲ್ಲಿ ಪ್ಯಾಂಟಿನ ಸೊಂಟದ ಅಳತೆ ಹುಡುಕಿದರು. ಸಂಶಯದಲ್ಲಿ ಹುರುಳಿತ್ತು. ಡ್ರೈವರುಗಳ ಸೊಂಟ ನಿಜಕ್ಕೂ ದೊಡ್ಡದಿತ್ತು. 1956ರಲ್ಲಿ ಅವರು ಅದನ್ನೂ ಮುಚ್ಚಿಡದೆ ಪ್ರಕಟಿಸಿದರು. ಆದರೆ ತೆಳ್ಳಗಿನವರನ್ನು ತೆಳ್ಳಗಿನವರೊಡನೆ, ದಪ್ಪಗಿನವರನ್ನು ದಪ್ಪಗಿನವರೊಡನೆ ಹೋಲಿಸಿದಾಗಲೂ ಹಠಾತ್ ಸಾವು ಕಂಡಕ್ಟರುಗಳಲ್ಲಿಯೇ ಕಡಿಮೆಯಿತ್ತು.

ಕಂಡಕ್ಟರ್ ಆರೋಗ್ಯಕ್ಕೆಂದು ಮೆಟ್ಟಿಲು ಹತ್ತಿದವನಲ್ಲ, ಸಂಬಳಕ್ಕಾಗಿ ಹತ್ತಿದವನು. ಅವನ ವ್ಯಾಯಾಮ ಕೆಲಸದೊಳಗೇ ಅಡಗಿತ್ತು. ಕುರ್ಚಿಯ ಕೆಲಸಗಳು ಹೆಚ್ಚುತ್ತಿದ್ದ ಕಾಲದಲ್ಲಿ ಇನ್ನು ಮುಂದಿನವರ ಗತಿ ಏನು? ಈ ಪ್ರಶ್ನೆ ಮಾರಿಸ್ ಅವರನ್ನು ಬಿಡುವಿನ ವೇಳೆಯ ಕಡೆಗೆ ತಿರುಗಿಸಿತು. 1968ರಿಂದ 1970ರವರೆಗೆ ಸುಮಾರು 17 ಸಾವಿರ ಸರ್ಕಾರಿ ಅಧಿಕಾರಿಗಳಿಂದ, ಶುಕ್ರವಾರ ಮತ್ತು ಶನಿವಾರ ಏನೇನು ಮಾಡಿದಿರಿ ಎಂದು ಬರೆಸಿಕೊಂಡರು. ಬಿಡುವಿನಲ್ಲಿ ಬೆವರು ಬರುವಂತೆ ಮೈ ದಂಡಿಸಿದವರಲ್ಲಿ ಹೃದ್ರೋಗದ ಅಪಾಯ ಉಳಿದವರಿಗಿಂತ ಬಹಳ ಕಡಿಮೆ ಎಂದು 1973ರಲ್ಲಿ ವರದಿ ಮಾಡಿದರು.

ಹಾಗೆಂದು ಅವರು ಎಲ್ಲ ಹೊಣೆಯನ್ನೂ ವ್ಯಕ್ತಿಯ ಹೆಗಲಿಗೆ ಹಾಕಲಿಲ್ಲ. ಆರೋಗ್ಯದಲ್ಲಿನ ಬಡವ-ಬಲ್ಲಿದರ ಅಂತರ ಕುರಿತ 1980ರ ಪ್ರಸಿದ್ಧ ಬ್ಲ್ಯಾಕ್ ವರದಿಯನ್ನು ರಚಿಸಿದ ನಾಲ್ವರಲ್ಲಿ ಅವರೂ ಒಬ್ಬರು. 2000ದಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಆರೋಗ್ಯವಾಗಿ ಬದುಕಲು ಕನಿಷ್ಠ ಎಷ್ಟು ಆದಾಯ ಬೇಕೆಂದು ಸಹೋದ್ಯೋಗಿಗಳ ಜೊತೆ ಲೆಕ್ಕ ಹಾಕಿದಾಗ ಆಹಾರ, ವಸತಿಗಳ ಜೊತೆ ವ್ಯಾಯಾಮದ ಖರ್ಚನ್ನೂ ಸೇರಿಸಿದರು. ಅಭ್ಯಾಸ ಬದಲಾಗಬೇಕಾದರೆ ಮನಸ್ಸಿನ ಜೊತೆ ಕೈಯಲ್ಲಿ ಕಾಸೂ ಇರಬೇಕು ಎಂಬುದು ಇದರ ಅರ್ಥ.

2005ರ ಡಿಸೆಂಬರಿನಲ್ಲಿ ಲಂಡನ್ನಿನ ಹಳೆಯ ರೂಟ್‌ಮಾಸ್ಟರ್ ಬಸ್ಸುಗಳು ದಿನನಿತ್ಯದ ಸೇವೆಯಿಂದ ಹಿಂದೆ ಸರಿದವು. ಮೆಟ್ಟಿಲು ಹತ್ತುವ ಕಂಡಕ್ಟರನೂ ಬಹುಮಟ್ಟಿಗೆ ಮರೆಯಾದ. ಮಾರಿಸ್ 2009ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು. ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ ಎಂದು 2024ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ. ಬದುಕು ಬಹುತೇಕರನ್ನು ಡ್ರೈವರಿನ ಸೀಟಿನಲ್ಲಿ ಕೂರಿಸಿದೆ. ಮೆಟ್ಟಿಲನ್ನು ಈಗ ಹುಡುಕಿಕೊಂಡೇ ಹೋಗಬೇಕು.